ಪ್ರಶ್ನೆ ಕೇಳಿದ ಮೇಲೆ

ಮೊದಲ ದಿನವೇ ಅವನು ಅವಳನ್ನು ಶುದ್ಧ ದಡ್ಡಿ ಎಂದುಕೊಂಡ. ಅವನ ತಪ್ಪೇನೂ ಇರಲಿಲ್ಲ. ಆ ದಿನ ಅವಳ ಪಾಲಿಗೆ ಬಂದಿದ್ದ ಪಾತ್ರವೇ ಅದು.

ಶಿಕ್ಷಕರ ತರಬೇತಿ ಕಾಲೇಜಿನ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ದಿನಾ ಈ ನಾಟಕ ನಡೆಯುತ್ತಿತ್ತು. ಒಬ್ಬರು ಮೇಷ್ಟ್ರಾಗುವುದು, ಉಳಿದ ಸಹಪಾಠಿಗಳು ಬೆಂಚಿನ ಮೇಲೆ ಕೂತು ಏಳನೇ ಕ್ಲಾಸಿನ ಮಕ್ಕಳಾಗುವುದು, ಮೂಲೆಯಲ್ಲಿ ಕೂತ ಮೇಡಂ ಆರು ನಿಮಿಷವಾದ ಕೂಡಲೇ ಗಂಟೆ ಬಾರಿಸುವುದು. ಪೂರ್ತಿ ಪಾಠವಲ್ಲ, ಒಂದು ಸಲಕ್ಕೆ ಒಂದೇ ಕೌಶಲ. ಇವತ್ತು ಪ್ರಶ್ನೆ ಕೇಳುವುದು, ನಾಳೆ ಉದಾಹರಣೆ ಕೊಡುವುದು, ನಾಳಿದ್ದು ಬೋರ್ಡಿನ ಮೇಲೆ ಸಾಲು ಸೊಟ್ಟಗಾಗದಂತೆ ಬರೆಯುವುದು. ಚೆನ್ನಾಗಿ ಬರದಿದ್ದರೆ ತಿದ್ದಿಕೊಂಡು ಮತ್ತೊಮ್ಮೆ. ಡಿಗ್ರಿ ಮುಗಿಸಿದವರು, ಕೆಲವರಂತೂ ಮದುವೆಯಾಗಿ ಮಕ್ಕಳನ್ನು ಹೆತ್ತವರು, ಮಳೆ ಹೇಗೆ ಬರುತ್ತದೆಂದು ತಮಗೆ ಗೊತ್ತೇ ಇಲ್ಲವೆಂಬಂತೆ ಬಾಯಿ ಬಿಟ್ಟುಕೊಂಡು ಕೂರುವ ಆ ದೃಶ್ಯವನ್ನು ಹೊರಗಿನವರು ಕಂಡಿದ್ದರೆ ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದರು.

ಗೊತ್ತಿಲ್ಲದವಳಂತೆ ಕೂರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬ್ಯಾಚಿನ ಎಲ್ಲರಿಗಿಂತ ದೊಡ್ಡವಳಾದ್ದರಿಂದ ಎಲ್ಲರೂ ಅವಳನ್ನು ‘ಅಕ್ಕ’ ಎನ್ನುತ್ತಿದ್ದರು. ದಡ್ಡ ಮಗುವಿನ ಪಾತ್ರ ಬಂದಾಗಲೆಲ್ಲ ಮೇಡಂ ಕಣ್ಣು ನೇರವಾಗಿ ಅಕ್ಕನ ಮೇಲೆ ಬೀಳುತ್ತಿತ್ತು.

ಅವನು ಒಂದು ತಿಂಗಳು ತಡವಾಗಿ ಸೇರಿದವನು. ಈ ಯಾವುದೂ ಗೊತ್ತಿರಲಿಲ್ಲ. ಬಂದ ದಿನವೇ ಬೋರ್ಡಿನ ಮುಂದೆ ನಿಲ್ಲಿಸಿದರು.

“ಮಕ್ಕಳೇ, ಒದ್ದೆ ಬಟ್ಟೆ ಯಾಕೆ ಒಣಗುತ್ತೆ? ನೀರು ಆವಿಯಾಗೋದ್ರಿಂದ. ಆವಿ ಎಲ್ಲಿಗೆ ಹೋಗುತ್ತೆ? ಗಾಳಿಗೆ. ಗಾಳಿ ಎಲ್ಲಿದೆ? ಎಲ್ಲಾ ಕಡೆ ಇದೆ. ಅರ್ಥ ಆಯ್ತಾ? ಆಯ್ತು.”

ಗಂಟೆ ಬಾರಿಸುವ ಮೊದಲೇ ಪಾಠ ಮುಗಿದಿತ್ತು. ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಪ್ರಶ್ನೆನೂ ನಿಮ್ಮದೇ, ಉತ್ತರನೂ ನಿಮ್ಮದೇ. ಮಕ್ಕಳು ಸ್ಕೂಲಿಗೆ ಯಾಕಪ್ಪ ಬರಬೇಕು? ಮನೇಲಿ ಮಲಗಿರ್ಲಿ.” ಹಿಂದಿನ ಬೆಂಚಿನಿಂದ ಯಾರೋ “ಎಕ್ಸ್‌ಪ್ರೆಸ್” ಎಂದರು. ಆ ಹೆಸರು ಅಲ್ಲೇ ಅಂಟಿಕೊಂಡಿತು.

ಅವನು ಮಾತ್ರ ಸೀದಾ ಅವಳ ಬೆಂಚಿನ ಬಳಿ ಬಂದ.

“ಏನ್ರೀ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮುಖ ನೋಡಿದ್ರೆ ಪಾಠ ತಲೆಗೆ ಹೋಗಿಲ್ಲ ಅನ್ನಿಸ್ತು. ಸಂಜೆ ನಿಧಾನವಾಗಿ ಹೇಳಿಕೊಡ್ತೀನಿ. ಆವಿಯಾಗೋದು ಅಂಥ ಕಷ್ಟದ್ದೇನಲ್ಲ.”

ಹಿಂದಿನ ಬೆಂಚಿನವರು ಡೆಸ್ಕಿಗೆ ಹಣೆ ಒತ್ತಿ ನಕ್ಕರು. “ಗುರುಗಳೇ, ಅಕ್ಕ ಫಿಸಿಕ್ಸ್‌ನಲ್ಲಿ ಎಂಎಸ್ಸಿ.”

ಅವನ ಕಿವಿಗಳು ಕೆಂಪಾದವು. ಆದರೆ ರೈಲು ನಿಲ್ಲಲಿಲ್ಲ. “ಹೌದಾ? ಹಾಗಾದ್ರೆ ನೀವೇ ನನಗೆ ಹೇಳಿಕೊಡಿ. ಸಂಜೆ ಬಿಡುವಾಗಿದೀರಾ? ಇದೀರಿ. ಸರಿ, ಕ್ಲಾಸು ಬಿಟ್ಟ ಮೇಲೆ.”

ಆ ಕಾಲೇಜಿಗೆ ಬಂದ ಮೇಲೆ ಮೊದಲ ಸಲ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು.

“ಒಳ್ಳೇದೇ ಆಯ್ತು,” ಎಂದರು ಮೇಡಂ. “ಇವನಿಗೆ ಬಾಯಿ ಮುಚ್ಚೋದು ಕಲಿಸಮ್ಮ. ತೆರೆಯೋದು ಹೇಗೂ ಬರುತ್ತೆ.”

ಅವಳು ತರಬೇತಿಗೆ ಸೇರಿದ್ದು ಪಾಠ ಹೇಳುವ ಹಂಬಲದಿಂದಲ್ಲ, ಸ್ವಲ್ಪ ಕಾಲ ದೂಡುವುದಕ್ಕೆ. ಒಡಹುಟ್ಟಿದ ಅಕ್ಕ ಜ್ವರದಲ್ಲಿ ತೀರಿಕೊಂಡಿದ್ದಳು, ಇನ್ನೂ ಮಾತು ಬಾರದ ಹೆಣ್ಣುಮಗುವನ್ನು ಬಿಟ್ಟು. ತನ್ನ ಅಕ್ಕನನ್ನು ಕಳೆದುಕೊಂಡವಳನ್ನು ಕಾಲೇಜಿನ ತುಂಬ ಅಕ್ಕ ಅಕ್ಕ ಎಂದು ಕರೆಯುತ್ತಿದ್ದರು. ಅವಳು ಯಾರನ್ನೂ ತಿದ್ದಲು ಹೋಗಲಿಲ್ಲ. ಅಮ್ಮನನ್ನು ಕರೆದುಕೊಂಡು ಭಾವನ ಮನೆಗೆ ಬಂದವಳು ಅಲ್ಲೇ ಉಳಿದಳು. ಕೆಳಗೆ ಭಾವನ ಕನ್ನಡಕದ ಅಂಗಡಿ, ಮೇಲೆ ಮನೆ. ಪುಟ್ಟಿಗೆ ಈಗ ಐದು ವರ್ಷ. ಹಲ್ಲುಜ್ಜಿಸುವುದರಿಂದ ಹಿಡಿದು ಹೊದಿಕೆ ಹೊದಿಸುವವರೆಗೆ ಎಲ್ಲದಕ್ಕೂ ಚಿಕ್ಕಮ್ಮನೇ ಬೇಕು.

“ಮಗೂಗೆ ಹೊಸಬಳೊಬ್ಬಳು ಯಾಕೆ ಬರಬೇಕು, ಮನೇಲೇ ನೀನಿರುವಾಗ?” ಎಂದು ಅಮ್ಮ ಒಂದು ದಿನ ಅಡುಗೆಮನೆಯಿಂದಲೇ, ಇಬ್ಬರಿಗೂ ಕೇಳಿಸುವಷ್ಟು ಜೋರಾಗಿ ಕೇಳಿದರು. ಭಾವ ತಲೆಯೆತ್ತದೆ, ಆಗಲೇ ಒರೆಸಿಟ್ಟಿದ್ದ ಗಾಜನ್ನು ಮತ್ತೆ ಒರೆಸಿದ. ಅವಳು “ಟ್ರೈನಿಂಗ್ ಮುಗೀಲಿ ಅಮ್ಮ” ಎಂದಳು. ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಅಮ್ಮ ಅದನ್ನು ಹೂಂ ಎಂದು ತೆಗೆದುಕೊಂಡರು. ಭಾವ ಏನೆಂದು ತೆಗೆದುಕೊಂಡ ಎಂಬುದು ಯಾರಿಗೂ ತಿಳಿಯಲಿಲ್ಲ. ಅವನು ಏನನ್ನೇ ಆಗಲಿ ಕೈಚಾಚಿ ತೆಗೆದುಕೊಳ್ಳುವ ಮನುಷ್ಯನಲ್ಲ.

ಹೀಗಿರುವಾಗ ಎಕ್ಸ್‌ಪ್ರೆಸ್ ಬಂದದ್ದು.

ಸಂಜೆ ಕೋಣೆ ಖಾಲಿಯಾದ ಮೇಲೆ ಅಭ್ಯಾಸ ಶುರುವಾಗುತ್ತಿತ್ತು. ಅವನು ಬೋರ್ಡಿನ ಮುಂದೆ, ಅವಳು ಎರಡನೇ ಬೆಂಚಿನಲ್ಲಿ. ಇಡೀ ತರಗತಿ ಅವಳೊಬ್ಬಳೇ.

“ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು,” ಎಂದು ಅವಳು ಹೇಳಿಕೊಟ್ಟಳು. “ಅದೇ ಪ್ರಶ್ನೆ ಮತ್ತೆ ಕೇಳೋ ಹಾಗಿಲ್ಲ. ಉತ್ತರ ನೀವೇ ಹೇಳೋ ಹಾಗಿಲ್ಲ. ಮಗು ಯೋಚನೆ ಮಾಡ್ತಿರುತ್ತೆ, ಬಿಡಿ.”

“ಅಷ್ಟು ಹೊತ್ತು ಸುಮ್ಮನಿದ್ರೆ ನನಗೇ ಉತ್ತರ ಮರೆತುಹೋಗಿದೆ ಅಂದ್ಕೊಳ್ಳಲ್ವಾ?”

“ಅಂದ್ಕೊಳ್ಳಲಿ. ಪಾಪ, ಸಹಾಯ ಮಾಡೋಣ ಅಂತ ಯಾರಾದ್ರೂ ಕೈ ಎತ್ತುತ್ತಾರೆ.”

“ನಮ್ಮನೇಲಿ ಆರು ಜನ ಮಕ್ಕಳು ಕಣ್ರೀ. ನಾನು ಐದನೆಯವನು. ಮಾತಿನ ಮಧ್ಯೆ ಉಸಿರು ತಗೊಂಡ್ರೆ ಮುಗೀತು, ಸರದಿ ಹೋಯ್ತು. ಈಗ ನೀವು ಬಂದು ಸುಮ್ಮನಿರು ಅಂದ್ರೆ?” ಆಮೇಲೆ ಸ್ವಲ್ಪ ಯೋಚಿಸಿ, “ಸರಿ, ಸುಮ್ಮನಿರೋವಾಗ ಎಲ್ಲಿ ನೋಡೋದು?”

“ಇಡೀ ತರಗತಿನ.”

“ತರಗತಿ ಅಂದ್ರೆ ನೀವೇ ಅಲ್ವಾ?”

“ಹಾಗಾದ್ರೆ ನನ್ನನ್ನೇ ನೋಡಿ,” ಎಂದುಬಿಟ್ಟಳು. ಹೇಳಿದ ಮೇಲೆ ಕೈಯಲ್ಲಿದ್ದ ಪೆನ್ನಿನ ಕ್ಯಾಪು ಎಲ್ಲಿ ಹಾಕಬೇಕೆಂದು ತಿಳಿಯದೆ ಬೆಂಚಿನ ಕೆಳಗೆ ಹುಡುಕತೊಡಗಿದಳು. ಅದು ಪೆನ್ನಿಗೇ ಇತ್ತು.

ಅವನು ನೋಡಿದ. ಮೊದಮೊದಲು ಪರೀಕ್ಷೆಗೆ ಕೂತವನ ಹಾಗೆ, ಕಣ್ಣು ಮಿಟುಕಿಸದೆ. ದಿನ ಕಳೆದಂತೆ ಆ ನೋಟ ಸಡಿಲವಾಯಿತು. “ನೆರಳು ಸಂಜೆ ಯಾಕೆ ಉದ್ದವಾಗುತ್ತೆ?” ಎಂದು ಕೇಳಿ ಅವನು ತುಟಿ ಬಿಗಿಹಿಡಿದು ನಿಂತರೆ, ಆ ಮೌನದಲ್ಲಿ ಅವಳಿಗೆ ಏನೇನೋ ಕಾಣುತ್ತಿತ್ತು. ಹುಬ್ಬಿಗೆ ಹತ್ತಿದ ಸೀಮೆಸುಣ್ಣದ ಪುಡಿ. ಮಾತು ತಡೆದಾಗ ಎಡಗೆನ್ನೆಯಲ್ಲಿ ಬೀಳುವ ಗುಳಿ. ಕಿಟಕಿಯ ಬಿಸಿಲು ಅವನ ಅಂಗಿಯ ಕಾಲರಿನಿಂದ ಕುತ್ತಿಗೆಗೆ ಏರುವುದು. ಉತ್ತರ ಗೊತ್ತಿದ್ದೂ ಅವಳು ಹೇಳುತ್ತಿರಲಿಲ್ಲ. ಹೇಳಿದರೆ ಅವನು ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದ.

“ಗೊತ್ತಿಲ್ಲ ಸರ್,” ಎನ್ನುತ್ತಿದ್ದಳು, ಏಳನೇ ಕ್ಲಾಸಿನ ದನಿಯಲ್ಲಿ.

“ಸುಳ್ಳಿ,” ಎನ್ನುತ್ತಿದ್ದ ಅವನು.

ಪುಟ್ಟಿಯ ವಿಷಯವೆಲ್ಲ ಅವನಿಗೆ ಹೇಳಿದಳು. ಹಾಲಿನ ಮೇಲಿನ ಕೆನೆ ಕಂಡರೆ ಊರು ಒಂದು ಮಾಡುವುದು, ಬೀದಿಯಲ್ಲಿ ಹೋಗುವವರಿಗೆಲ್ಲ “ನಿಮಗೆ ಕನ್ನಡಕ ಬೇಕಾ?” ಎಂದು ಮಹಡಿಯಿಂದ ಕೂಗಿ ಕೇಳುವುದು. ಭಾವನದು ಕನ್ನಡಕದ ಅಂಗಡಿ ಎಂದೂ ಹೇಳಿದಳು. ಅದರ ಮುಂದಿನ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವನು ಏನೋ ಹೇಳಿ ನಗಿಸಿದ. ನಕ್ಕ ಬಾಯಲ್ಲಿ ಅದನ್ನು ಹೇಳುವುದು ಚೆನ್ನಾಗಿರುವುದಿಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ನಗಿಸಿದ.

ಕೊನೆಗೂ ಅವನಿಗೆ ಕಾಯುವುದು ಬಂತು. ಮೇಡಂ ಮುಂದೆ ಮತ್ತೆ ಪಾಠ ಮಾಡಿದಾಗ, ಪ್ರಶ್ನೆ ಕೇಳಿ ಎಷ್ಟು ಹೊತ್ತು ಸುಮ್ಮನೆ ನಿಂತನೆಂದರೆ ಹಿಂದಿನ ಬೆಂಚಿನ ಗಡವನೊಬ್ಬ ಪಾತ್ರ ಮರೆತು ನಿಜವಾಗಿಯೇ ಉತ್ತರ ಯೋಚಿಸಿದ. ಮೇಡಂ “ಭೇಷ್” ಎಂದರು. ಅವರ ಬಾಯಲ್ಲಿ ಅದು ವರ್ಷಕ್ಕೊಮ್ಮೆ ಬರುವ ಮಾತು.

ಆ ಸಂಜೆ ಎಲ್ಲರೂ ಹೋದ ಮೇಲೆ ಅವನು ಬೋರ್ಡು ಒರೆಸಿ ತಿರುಗಿದ.

“ಇನ್ನೊಂದು ಪ್ರಶ್ನೆ ಇದೆ.”

“ಪಾಠ ಮುಗೀತಲ್ಲ?”

“ಇದು ಸಿಲಬಸ್‌ನಲ್ಲಿ ಇಲ್ಲ.” ಡಸ್ಟರನ್ನು ಮೇಜಿನ ಮೇಲಿಟ್ಟ. “ನನ್ನನ್ನ ಮದುವೆ ಆಗ್ತೀರಾ?”

ಕೇಳಿ, ಸುಮ್ಮನಾದ.

ಹಳೆಯ ಎಕ್ಸ್‌ಪ್ರೆಸ್ ಆಗಿದ್ದರೆ ‘ಆಗ್ತೀರಿ, ನನಗೊತ್ತು, ಸರಿ ಹಾಗಾದ್ರೆ’ ಎಂದು ಅವನೇ ಮುಗಿಸಿಬಿಡುತ್ತಿದ್ದ. ಅವಳು ಎದ್ದು ಅವನ ಹಿಂದೆ ಹೋಗಿಬಿಡುತ್ತಿದ್ದಳು. ಆಮೇಲಿನದನ್ನು ಆಮೇಲೆ ನೋಡಿಕೊಳ್ಳಬಹುದಿತ್ತು. ಹಾಗೆ ಹೇಳಿಬಿಡಲಿ ಎಂದು ಅವಳ ಮೈಯೆಲ್ಲ ಕಿವಿಯಾಯಿತು. ಅವನು ಹೇಳಲಿಲ್ಲ. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ, ಕಣ್ಣು ತೆಗೆಯಲಿಲ್ಲ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಕಾದಿರಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಕೆಟ್ಟ ವಿದ್ಯೆ ಕಲಿಸಿಬಿಟ್ಟೆ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು. ಆ ಮೌನದ ತುಂಬ ಪುಟ್ಟಿ ಇದ್ದಳು, ಗಾಜು ಒರೆಸುವ ಭಾವ ಇದ್ದ, ಅಡುಗೆಮನೆಯ ಅಮ್ಮ ಇದ್ದರು. ಅವರನ್ನೆಲ್ಲ ದಾಟಿ ಬರಲು ಒಂದು ಮಾತಿಗೆ ದಾರಿ ಸಿಗಲಿಲ್ಲ.

“ಗೊತ್ತಿಲ್ಲ ಸರ್,” ಎಂದಳು. ಅಭ್ಯಾಸಬಲ. ದನಿಯೂ ಅದೇ ಬಂತು.

ಅವನು ನಕ್ಕ. ಅವಳೂ ನಕ್ಕಳು. ಅಷ್ಟರಲ್ಲಿ ಅಟೆಂಡರ್ ಬೀಗ ಹಿಡಿದು ಬಾಗಿಲಿಗೆ ಬಂದ.

ಅದರ ಮುಂದಿನ ಪಾಠದಲ್ಲಿ ಮೇಡಂ ಹೇಳಿಕೊಟ್ಟದ್ದು ಇದು: ಒಂದು ಮಗು ಗೊತ್ತಿಲ್ಲ ಎಂದರೆ ಗದರಬೇಡಿ, ಮುಖ ಸಿಂಡರಿಸಬೇಡಿ. ಅದೇ ಪ್ರಶ್ನೆಯನ್ನು ಗೊತ್ತಿರಬಹುದಾದ ಇನ್ನೊಬ್ಬರಿಗೆ ದಾಟಿಸಿ. ಅವನು ಈಗ ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡುವ ವಿದ್ಯಾರ್ಥಿ. ಪ್ರಶ್ನೆಯನ್ನು ದಾಟಿಸಿಯೇಬಿಟ್ಟ.

ಒಂದು ಸಂಜೆ ಅವಳು ಮನೆಗೆ ಬಂದಾಗ ಭಾವ ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದ.

“ನಿನ್ನ ಕಾಲೇಜಿನ ಹುಡುಗ ಒಬ್ಬ ಬಂದಿದ್ದ. ಕಣ್ಣು ಪರೀಕ್ಷೆ ಮಾಡಿ ಅಂದ.”

“ಏನಾಗಿತ್ತಂತೆ ಕಣ್ಣಿಗೆ?”

“ಏನೂ ಆಗಿರಲಿಲ್ಲ. ಅಕ್ಷರದ ಬೋರ್ಡಿನ ಕೊನೇ ಸಾಲಿನ ಕೆಳಗೆ ಅಚ್ಚು ಹಾಕಿದವರ ಹೆಸರಿರುತ್ತಲ್ಲ, ಅದನ್ನೂ ಓದಿಬಿಟ್ಟ. ಕನ್ನಡಕ ಬೇಕಾಗಿಲ್ಲ, ಏಳಪ್ಪ ಅಂದೆ. ಏಳಲಿಲ್ಲ. ಪರೀಕ್ಷೆ ಮಾಡೋ ಆ ದೊಡ್ಡ ಫ್ರೇಮು ಇನ್ನೂ ಮೂಗಿನ ಮೇಲಿತ್ತು. ಅದನ್ನ ಹಾಕ್ಕೊಂಡೇ ಕೇಳಿದ.”

“ಏನಂತ?”

“‘ಮನೆಗೆ ಹಿರಿಯರು ನೀವು. ಮದುವೆ ಆಗ್ತೀರಾ ಅಂತ ಅವರನ್ನ ಕೇಳಿದ್ರೆ ಗೊತ್ತಿಲ್ಲ ಅಂದ್ರು. ನಿಮಗೆ ಗೊತ್ತಿರಬಹುದು ಅಂತ ಬಂದೆ.’”

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಚೀಲ ಇನ್ನೂ ಹೆಗಲಲ್ಲೇ ಇತ್ತು.

“ನೀವೇನು ಹೇಳಿದ್ರಿ ಭಾವ?”

“ಫ್ರೇಮು ತೆಗೆದಿಡಪ್ಪ, ಗಾಜು ಬೀಳುತ್ತೆ ಅಂದೆ.” ಅವನು ಬಟ್ಟೆಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. “ಅವಳಿಗೆ ಗೊತ್ತಾದ್ರೆ ನನಗೂ ಗೊತ್ತಾದ ಹಾಗೇ ಅಂತಲೂ ಅಂದೆ.”

“ಅಲ್ಲ ಭಾವ, ನಮ್ಮ ವಿಷಯ...”

“ನಮ್ಮದು ಅಂತ ಯಾವ ವಿಷಯ ಇತ್ತು? ಅತ್ತೆ ಮಾತಾಡ್ತಿದ್ರು. ನೀನೂ ನಾನೂ ಕೇಳಿಸ್ಕೊಳ್ತಿದ್ವಿ.” ಎಂದೂ ಇಷ್ಟು ಮಾತಾಡದವನು ಇನ್ನೊಂದು ಮಾತಾಡಿದ. “ಹೋಗೋದಾದ್ರೆ ಸಂತೋಷವಾಗಿ ಹೋಗು. ಮಗೂನ ಮಾತ್ರ ಕೇಳಬೇಡ. ಅದೊಂದು ನನ್ನ ಕೈಲಿ ಆಗಲ್ಲ.”

ಮರುದಿನ ಕಾಲೇಜಿನ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಅವಳು ಎಕ್ಸ್‌ಪ್ರೆಸ್‌ಗೆ ಎಲ್ಲವನ್ನೂ ಹೇಳಿದಳು.

“ಅಂದ್ರೆ ನಾನು ಹೋಗಿ ಕೇಳಿದ್ದು...”

“ಹೂಂ.”

“ಅವರನ್ನೇ.”

“ಹೂಂ.”

“ಅದೂ ಅವರ ಫ್ರೇಮು ಮೂಗಿಗೆ ಹಾಕ್ಕೊಂಡು.” ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೆಗಲು ಅಲುಗಿದವು. ನಗುತ್ತಿದ್ದಾನೋ ಏನೋ ಎಂದು ಅವಳು ಕಾದಳು. ಕೈ ತೆಗೆದಾಗ ನಗುತ್ತಿರಲಿಲ್ಲ. “ಮೊದಲೇ ಹೇಳಬಾರದಿತ್ತಾ?”

“ಹೇಳಬೇಕಿತ್ತು. ಹೇಳಿದ್ರೆ ಸಂಜೆ ಅಭ್ಯಾಸಕ್ಕೆ ಬರ್ತೀರೋ ಇಲ್ಲವೋ ಅಂತ...”

ಅವನು ಅವಳ ಕೈಹಿಡಿದ. ಇಬ್ಬರ ಬೆರಳಲ್ಲೂ ಸೀಮೆಸುಣ್ಣ.

ಅದರ ಮುಂದಿನ ದಿನಗಳಷ್ಟು ಸುಖವಾಗಿ ಅವಳು ಹಿಂದೆಂದೂ ಇದ್ದವಳಲ್ಲ. ಹೋಗುವುದೆಂದೇ ನಿರ್ಧರಿಸಿದ್ದಳು. ಅವನಿಗೆ ದೂರದೂರಿನ ಸ್ಕೂಲೊಂದರಲ್ಲಿ ಕೆಲಸ ಸಿಕ್ಕಿತ್ತು, ಜೊತೆಗೆ ಎರಡು ಕೋಣೆಯ ಮನೆ. “ಅಡುಗೆಮನೆ ಕಿಟಕಿಯಿಂದ ಆಟದ ಮೈದಾನ ಕಾಣುತ್ತಂತೆ. ನೀವು ಒಗ್ಗರಣೆ ಹಾಕ್ತಾ ಹುಡುಗರನ್ನ ಗದರಬಹುದು.” “ಒಗ್ಗರಣೆ ನೀವು ಹಾಕಿ. ಗದರೋದು ನಾನು ನೋಡ್ಕೋತೀನಿ.” ವಿಷಯ ತಿಳಿದ ಅಮ್ಮ ಮಾತು ಬಿಟ್ಟಿದ್ದರು. ಪಾತ್ರೆಗಳನ್ನು ಇಡುವ ಸದ್ದಿನಲ್ಲೇ ಬೈಯುತ್ತಿದ್ದರು. ಅದು ಅವಳಿಗೆ ದೊಡ್ಡ ಸಹಾಯವಾಗಿತ್ತು. ಮುನಿಸಿಕೊಂಡವರನ್ನು ಬಿಟ್ಟುಹೋಗುವುದು ಅಷ್ಟೇನೂ ಕಷ್ಟವಲ್ಲ.

ಕಷ್ಟಕ್ಕೆ ಸಿಕ್ಕಿಸಿದವನು ಭಾವ, ತಿಳಿಯದೇ. ಒಂದು ಬೆಳಗ್ಗೆ ಅವಳು ಸ್ನಾನ ಮುಗಿಸಿ ಬಂದಾಗ ನಡುಮನೆಯಲ್ಲಿ ಅವನು ನೆಲದ ಮೇಲೆ ಕೂತು ಪುಟ್ಟಿಗೆ ಜಡೆ ಹಾಕುತ್ತಿದ್ದ. ಕೂದಲೆಳೆಯಷ್ಟು ಸಣ್ಣ ತಿರುಪನ್ನು ಕನ್ನಡಕಕ್ಕೆ ಕೂರಿಸುವ ಬೆರಳುಗಳು ಅಲ್ಲಿ ಮಾತ್ರ ತಡಬಡಾಯಿಸುತ್ತಿದ್ದವು. ಜಡೆಯೊಂದು ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ಕೂದಲು ಎಳೆದಾಗ ಪುಟ್ಟಿಯ ಕಣ್ಣಲ್ಲಿ ನೀರಾಡಿತು. ಚಿಕ್ಕಮ್ಮ ಎಳೆದಿದ್ದರೆ ಬೀದಿ ಸೇರುವಂತೆ ಕಿರುಚುವ ಹುಡುಗಿ, ಅಪ್ಪನ ಮೊಣಕಾಲನ್ನು ತಟ್ಟಿ, “ಪರವಾಗಿಲ್ಲ ಅಪ್ಪ, ನೋಯಲಿಲ್ಲ,” ಎಂದಳು.

ಆಮೇಲೆ ಬಾಗಿಲಲ್ಲಿ ನಿಂತ ಅವಳನ್ನು ನೋಡಿ ಕೇಳಿದಳು. “ಚಿಕ್ಕಮ್ಮ, ನೀನು ಹೋದ್ಮೇಲೆ ನಿನ್ನ ಹಳೇ ಚಪ್ಪಲಿ ಇಲ್ಲೇ ಇರುತ್ತಾ?”

“ಯಾಕೆ ಚಿನ್ನ?”

“ಬಾಗಿಲಲ್ಲಿ ಇಟ್ಕೋತೀನಿ. ನೀನು ಒಳಗಿದೀಯ ಅಂದ್ಕೋಬಹುದು.”

ಭಾವ ತಲೆ ತಗ್ಗಿಸಿ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದ. ಆ ಮನೆಯಲ್ಲಿ ಯಾರಾದರೂ ಅಡ್ಡ ನಿಂತು, ಹೋಗಕೂಡದು ಎಂದು ಕೂಗಾಡಿದ್ದರೆ ಅವಳು ಹೋಗಿಬಿಡುತ್ತಿದ್ದಳು.

ಎಕ್ಸ್‌ಪ್ರೆಸ್ ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಅವಳೊಬ್ಬಳೇ ಹೋದಳು. ತಾನು ಬರುವುದಿಲ್ಲವೆಂದು ಹಿಂದಿನ ವಾರವೇ ಹೇಳಿಯಾಗಿತ್ತು. ಅವನು ವಾದ ಮಾಡಿದ್ದ, ಸಿಟ್ಟಾಗಿದ್ದ, ಎರಡು ದಿನ ಮುಖ ತೋರಿಸಿರಲಿಲ್ಲ. ಇವತ್ತು ಅದೆಲ್ಲ ಮುಗಿದು ಜ್ವರ ಬಿಟ್ಟವನ ಹಾಗಿದ್ದ. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ಬಂದು ಅವಳ ಪಕ್ಕದ ಸಿಮೆಂಟ್ ಬೆಂಚಿನಲ್ಲಿ ಕೂತ.

“ನಿಮ್ಮ ಭಾವ ಒಂದು ಸಲ ಬೈದಿದ್ರೂ ಸಾಕಿತ್ತು. ಎಂಥ ಮನುಷ್ಯ ರೀ ಅವರು!”

“ಏನು ಮಾಡೋದು. ಇಬ್ಬರೂ ಒಳ್ಳೆಯವರೇ ಸಿಕ್ಕಿದ್ರಿ. ನನ್ನ ಗ್ರಹಚಾರ.”

“ನಾನು ಅಷ್ಟೇನೂ ಒಳ್ಳೆಯವನಲ್ಲ. ಆ ಚಪ್ಪಲಿ ಕದ್ದುಬಿಡೋಣ ಅಂತ ಯೋಚನೆ ಮಾಡಿದ್ದೆ.”

ಅವಳು ನಕ್ಕಳು. ನಗು ಮಧ್ಯದಲ್ಲಿ ಎಲ್ಲೋ ಮುರಿಯಿತು. ಅವನು ಬೇರೆ ಕಡೆ ನೋಡಿ, ಅವಳು ಮೂಗು ಒರೆಸಿಕೊಳ್ಳುವಷ್ಟು ಹೊತ್ತು ಬಸ್ಸಿನ ಬೋರ್ಡು ಓದಿದ.

“ಒಂದು ಕೇಳಲಾ? ಪ್ರೀತಿ ಇತ್ತಾ?”

“ಇದೆಯಾ ಅಂತ ಕೇಳಿ.”

“ಇದೆಯಾ?”

“ಇದೆ.”

ಅವನು ತಲೆಯಾಡಿಸಿದ. ಕಂಡಕ್ಟರು ಕೂಗಿದ. ಎದ್ದು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, “ಕೆನೆ ಸೋಸಿ ಹಾಲು ಕೊಡಿ ಅವಳಿಗೆ. ಸೋಸಿದ್ರೆ ಗೊತ್ತಾಗಲ್ಲ. ನಾನೂ ಚಿಕ್ಕವನಿದ್ದಾಗ ಹಾಗೇ ಇದ್ದೆ,” ಎಂದ. ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನ ಮೊಣಕೈ ಕಾಣಿಸಿತು, ಆಮೇಲೆ ಬರೀ ಕಿಟಕಿ, ಆಮೇಲೆ ಹೊಗೆ.

ಮನೆಗೆ ಬಂದಾಗ ದೀಪ ಹತ್ತಿತ್ತು. ಅಮ್ಮ ಪುಟ್ಟಿಯನ್ನು ಕರೆದುಕೊಂಡು ಹಾಲು ತರಲು ಹೋಗಿದ್ದರು. ಭಾವ ಅಂಗಡಿಯಲ್ಲಿ ಒಬ್ಬನೇ, ಕಣ್ಣಿಗೆ ಭೂತಗಾಜು ಒತ್ತಿಕೊಂಡು ಯಾರದೋ ಕನ್ನಡಕದ ಕಾಲು ಸರಿಮಾಡುತ್ತಿದ್ದ. ಅವಳು ಎದುರಿನ ಸ್ಟೂಲಿನಲ್ಲಿ ಕೂತಳು.

“ಹೋದ್ನಾ?”

“ಹೋದ್ರು.”

“ನನ್ನ ಮೇಲಿನ ಕನಿಕರಕ್ಕೆ ಉಳಿದಿದ್ರೆ...”

“ನಿಮಗೋಸ್ಕರ ಅಲ್ಲ,” ಎಂದಳು. ಒರಟಾಯಿತೇನೋ ಎನ್ನಿಸಿತು, ಆದರೆ ಅದಕ್ಕಿಂತ ಮೆತ್ತಗೆ ಅದನ್ನು ಹೇಳಲು ಬರುತ್ತಿರಲಿಲ್ಲ. “ಪುಟ್ಟಿಗೋಸ್ಕರ.”

“ಗೊತ್ತು. ಹೇಳಿದ್ದು ಒಳ್ಳೇದಾಯ್ತು.” ಅವನು ಭೂತಗಾಜು ಕೆಳಗಿಟ್ಟ. ಅದರ ದುಂಡನೆ ಗುರುತು ಕಣ್ಣಿನ ಸುತ್ತ ಉಳಿದಿತ್ತು. ತಿರುಪಿನ ಡಬ್ಬಿಯೊಳಗೆ ಏನೋ ಹುಡುಕುವವನಂತೆ ಹೇಳಿದ. “ಅತ್ತೆ ಬೆಳಗ್ಗೆ ಏನೋ ಅಂತಿದ್ರು. ಮದುವೆ ಆಗೋರು ಅಂದ್ಮೇಲೆ ಇನ್ನು ನೀನು ನನ್ನನ್ನ ಭಾವ ಅಂತ ಕರೀಬಾರದಂತೆ. ನೋಡಿದವರು ಏನಂತಾರೆ ಅಂತ.”

ಅವಳು ಗಾಜಿನ ಪೆಟ್ಟಿಗೆಯ ಅಂಚಿಗೆ ಕೈಯಿಟ್ಟಳು.

“ನೀನು ಹಾಗೇ ಕರಿ. ನಿನಗೆ ಯಾವತ್ತು ಬೇಡ ಅನ್ನಿಸುತ್ತೋ ಅವತ್ತು ಬಿಡು. ಅನ್ನಿಸದೇ ಇದ್ರೂ ಪರವಾಗಿಲ್ಲ.”

ಅವಳಿಗೆ ಅಳು ಬಂದದ್ದು ಆಗ. ಬಸ್‌ಸ್ಟ್ಯಾಂಡಿನಲ್ಲಿ ತಡೆದಿಟ್ಟದ್ದೂ ಸೇರಿ, ಗಾಜಿನ ಪೆಟ್ಟಿಗೆಗೆ ಹಣೆಯಾನಿಸಿ ಅತ್ತಳು. ಕೆಳಗೆ ಸಾಲಾಗಿಟ್ಟಿದ್ದ ಖಾಲಿ ಫ್ರೇಮುಗಳೆಲ್ಲ ಕಲಸಿಹೋದವು. ಅವನು ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಎದ್ದು ಹೋಗಿ, ಬೀದಿಯವರಿಗೆ ಕಾಣದಂತೆ ಅಂಗಡಿಯ ಷಟರನ್ನು ಅರ್ಧ ಎಳೆದ. ಮತ್ತೆ ಬಂದು ತನ್ನ ಜಾಗದಲ್ಲಿ ಕೂತ.

“ಭಾವ,” ಎಂದಳು ಅವಳು, ತಲೆಯೆತ್ತದೆ.

“ಏನಮ್ಮ?”

“ಏನಿಲ್ಲ.”